ಜೇಬಿನಲ್ಲಿ ಸಿಕ್ಕ ಚೂರು

ಮನುಕುಲದ ಇತಿಹಾಸ ಬರೆಯುವವರು ಬೆಂಕಿ, ಚಕ್ರ, ಅಚ್ಚುಮೊಳೆ ಎಂದು ದೊಡ್ಡ ದೊಡ್ಡ ಹೆಸರುಗಳನ್ನು ಹೇಳುತ್ತಾರೆ. ಬಸ್ ಡಿಪೋದ ಹಿಂದಿನ ಬೀದಿಯಲ್ಲಿರುವ ಹಸಿರು ಬಾಗಿಲಿನ ಮನೆಯ ಇತಿಹಾಸವನ್ನು ಬರೆಯುವ ಪುಣ್ಯಾತ್ಮರು ಯಾರಾದರೂ ಹುಟ್ಟಿದರೆ, ಅವರು ಅದನ್ನು ಎರಡೇ ಯುಗಗಳಾಗಿ ವಿಂಗಡಿಸಬೇಕಾಗುತ್ತದೆ: ಜಾಕೆಟ್ಟಿನ ಬಲಗಡೆಯ ಜೇಬಿನಲ್ಲಿ ಚೂರು ಸಿಗುವುದಕ್ಕೆ ಮುಂಚೆ, ಮತ್ತು ಸಿಕ್ಕ ಮೇಲೆ.

ಚೂರು ಕಂದು ಬಣ್ಣದ್ದು. ಸಾಸಿವೆಗಿಂತ ದೊಡ್ಡದು, ಕಡಲೆಕಾಳಿಗಿಂತ ಚಿಕ್ಕದು; ಉಗುರಿನಿಂದ ಒತ್ತಿದರೆ ಪುಡಿಯಾಗುವಂಥದು. ಅದನ್ನು ಪತ್ತೆ ಮಾಡಿದವಳು ಆ ಮನೆಯ ಯಜಮಾನಿ. ಬೀದಿಯವರೆಲ್ಲ ಅವಳನ್ನು ಮೀನು ಡಾಕ್ಟರಮ್ಮ ಎನ್ನುತ್ತಿದ್ದರು. ಮೀನಿಗೆ ಕಾಯಿಲೆ ಬಂದರೆ ಔಷಧಿ ಕೊಡುವ ಡಾಕ್ಟರು ಅವಳಲ್ಲ. ಮೀನಿಗೆ ಕಷ್ಟ ಬಂದಾಗ ಅದರ ಮೈಯೊಳಗೆ ಏನಾಗುತ್ತದೆ ಎಂದು ನೋಡುವುದು ಅವಳ ಕೆಲಸ. ನೀರು ಇದ್ದಕ್ಕಿದ್ದಂತೆ ತಣ್ಣಗಾದರೆ, ನೀರೊಳಗಿನ ಗಾಳಿ ಕಡಿಮೆಯಾದರೆ, ಒಂದೇ ತೊಟ್ಟಿಯಲ್ಲಿ ಹೆಚ್ಚು ಜೀವಗಳು ಗಿಜಿಗುಟ್ಟಿದರೆ ರಕ್ತ ಏನು ಹೇಳುತ್ತದೆ ಎಂಬುದನ್ನು ಕೇಳಿಸಿಕೊಳ್ಳುತ್ತ ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಬೀದಿಯವರಿಗೆ ಇದೆಲ್ಲ ಯಾಕೆ? ಗಾಜಿನ ಪೆಟ್ಟಿಗೆಯ ಮೀನು ಮಂಕಾದರೆ ಸಾಕು, ಜಾಮ್ ಬಾಟಲಿಗೆ ಹಾಕಿಕೊಂಡು ಬಂದು ಹಸಿರು ಬಾಗಿಲು ತಟ್ಟುತ್ತಿದ್ದರು.

ಜಾಕೆಟ್ಟು ಗಂಡನದು. ಬಸ್ ಸಂಸ್ಥೆಯವರು ಕೊಟ್ಟ ನೀಲಿ ಜಾಕೆಟ್ಟು, ತೋಳು ಸವೆದು ಹೊಳೆಯುತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಅದರ ಜೇಬಿಗೆ ಅವಳು ಬೀಗದ ಕೈ ಹುಡುಕಲೆಂದು ಕೈಹಾಕಿದಳು. ಬೀಗದ ಕೈಯ ಬದಲು ಚೂರು ಬಂತು. ಮೂಸಿ ನೋಡಿದಳು. ಯಾವ ವಾಸನೆಯೂ ಇಲ್ಲ, ಸ್ವಲ್ಪ ಹಿಟ್ಟಿನ ವಾಸನೆ ಮಾತ್ರ.

‘ಬಿಸ್ಕತ್ತು,’ ಎಂದು ಅವಳು ಗೋಡೆಗೆ ಹೇಳಿದಳು.

ಬಿಸ್ಕತ್ತಿನ ಚೂರಿಗೆ ಇಷ್ಟು ಗಾಂಭೀರ್ಯ ಯಾಕೆ ಎಂದು ಕೇಳುವವರಿಗೆ ಹಿಂದಿನ ಕಥೆ ಗೊತ್ತಿರಬೇಕು. ಗಂಡ ಊರೊಳಗೆ ಬಸ್ಸು ಓಡಿಸುವವನು. ಸ್ಟಿಯರಿಂಗ್ ಹಿಡಿದರೆ ರಾಜ, ಬಿಟ್ಟರೆ ತಬ್ಬಲಿ. ರಜೆಯ ದಿನ ಕೂಡ ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಗಿಸಿಯೇ ಉಣ್ಣುತ್ತಿದ್ದ. ಕಳೆದ ಸಲದ ತಪಾಸಣೆಯಲ್ಲಿ ಅವನ ರಕ್ತದ ಸಕ್ಕರೆ ಗಡಿ ದಾಟಿ ನಿಂತಿತ್ತು. ಸಂಸ್ಥೆಯ ವೈದ್ಯರಿಗೆ ಬೆರಳ ತುದಿಯ ಹನಿಯೇ ವೇದವಾಕ್ಯ. ‘ಮುಂದಿನ ಸಲವೂ ಹೀಗೇ ಇದ್ರೆ ಬಸ್ಸು ಮರೆತುಬಿಡಿ, ಟಿಕೆಟ್ ಕೌಂಟರಿನಲ್ಲಿ ಕೂತ್ಕೊಳ್ಳಿ,’ ಎಂದು ಅವರು ಕನ್ನಡಕದ ಮೇಲಿನಿಂದ ನೋಡುತ್ತ ಹೇಳಿದ್ದರು.

ಮನೆಗೆ ಬಂದವನು ಊಟ ಮಾಡಲಿಲ್ಲ. ‘ಗಾಜಿನ ಹಿಂದೆ ಕೂತ್ಕೋಬೇಕಂತೆ. ಜನ ಬಂದು ಬಗ್ಗಿ ಬಗ್ಗಿ ನೋಡೋದು, ನಾನು ಒಳಗಿಂದ ಬಾಯಿ ಆಡಿಸೋದು. ನಾನೇನು ನಿನ್ನ ಮೀನೇನೇ?’ ಎಂದ.

ಆವತ್ತಿನಿಂದ ಡಾಕ್ಟರಮ್ಮ ಸೆರಗು ಕಟ್ಟಿ ನಿಂತಳು. ಟೀಗೆ ಸಕ್ಕರೆ ನಿಂತಿತು. ಬಿಸ್ಕತ್ತಿನ ಡಬ್ಬಿ ಮಹಡಿಗೆ ಗಡೀಪಾರಾಯಿತು. ಅಲ್ಲಿ ಗಂಡನ ಅಕ್ಕ ಒಬ್ಬಳೇ ಇದ್ದಳು. ಬೆಳಗ್ಗೆ ಎದ್ದು ಬರಿಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡುವ ಪುಟ್ಟ ಯಂತ್ರವೊಂದು ಮನೆಗೆ ಬಂತು. ಮೊದಮೊದಲು ಎಲ್ಲ ಸರಿಯಾಗಿತ್ತು. ಸಕ್ಕರೆ ಒಳ್ಳೆಯ ಮಗುವಿನ ಹಾಗೆ ಮೆಟ್ಟಿಲಿಳಿಯುತ್ತಿತ್ತು.

ಆಗ ಸಿಕ್ಕಿದ್ದು ಈ ಚೂರು.

ಒಂದೇ ಒಂದು ಸಾಕ್ಷಿ ಹಿಡಿದುಕೊಂಡು ತೀರ್ಪು ಕೊಡುವ ಹೆಂಗಸಲ್ಲ ಅವಳು. ಚೂರನ್ನು ಕಾಗದದಲ್ಲಿ ಮಡಿಸಿ ಉಪ್ಪಿನ ಡಬ್ಬಿಯ ಹಿಂದೆ ಇಟ್ಟು, ಮರುದಿನ ಬೆಳಗ್ಗೆ ಗಂಡನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿದಳು. ಯಂತ್ರವನ್ನು ಮೇಜಿನ ಮೇಲೆ ಇಟ್ಟಳು, ಮುಟ್ಟಲಿಲ್ಲ.

‘ನಿನ್ನೆ ಡಿಪೋದಲ್ಲಿ ಏನು ತಿಂದ್ರಿ?’

‘ನೀನು ಕಟ್ಟಿಕೊಟ್ಟಿದ್ದೇ ತಿಂದೆ.’

‘ಅದಲ್ಲದೆ?’

‘ಅದಲ್ಲದೆ ಕಂಡಕ್ಟರನ ತಲೆ ತಿಂದೆ. ಚುಚ್ಚೇ ಬೇಗ, ಹೊತ್ತಾಯ್ತು.’

‘ಕೈ ತೋರಿಸಿ. ಬಿಚ್ಚಿ ಬೆರಳು. ಉಗುರಿನ ಸಂದಿ ತೋರಿಸಿ. ಬಾಯಿ ತೆರೀರಿ.’

‘ಬಾಯಿ ಯಾಕೆ?’

‘ತೆರೀರಿ ಅಂದೆ.’

ಬಾಯಿ ತೆರೆದ. ಅವಳು ಒಳಗೆ ಇಣುಕಿ ನೋಡಿದಳು, ಮೂಸಿದಳು, ನಾಲಗೆ ಎತ್ತಿಸಿದಳು. ಮೊನ್ನೆ ಎಲ್ಲಿಗೆ ಹೋಗಿದ್ದಿರಿ, ಆ ಬೇಕರಿಯ ಮುಂದೆ ಬಸ್ಸು ಯಾಕೆ ಅಷ್ಟು ಹೊತ್ತು ನಿಂತಿತ್ತಂತೆ ಎಂದೂ ವಿಚಾರಿಸಿದಳು. ಬೇಕರಿಯ ಮುಂದೆ ಸಿಗ್ನಲ್ ದೀಪವಿದೆ ಎಂಬ ಉತ್ತರ ಬಂತು. ಅದನ್ನು ಅವಳು ತಲೆಯಲ್ಲಿ ಬೇರೆ ಕಟ್ಟಿಟ್ಟುಕೊಂಡಳು. ಇಷ್ಟೆಲ್ಲ ಆದಮೇಲೆ ಬೆರಳು ಚುಚ್ಚಿದಳು. ಸಕ್ಕರೆ ಏರಿತ್ತು.

‘ನೋಡಿದ್ರಾ?’ ಎಂದಳು.

‘ಏನ್ ನೋಡೋದು? ಯಂತ್ರ ಕೆಟ್ಟಿದೆ.’

ಯಂತ್ರ ಕೆಟ್ಟಿರಲಿಲ್ಲ. ಅವಳು ತನ್ನ ಬೆರಳನ್ನೂ ಚುಚ್ಚಿಕೊಂಡು ನೋಡಿದ್ದಳು. ಮರುದಿನ ವಿಚಾರಣೆ ಇನ್ನಷ್ಟು ಕೂಲಂಕಷವಾಯಿತು, ಸಕ್ಕರೆಯೂ ಇನ್ನಷ್ಟು ಏರಿತು. ಅದರ ಮರುದಿನ ಅವಳು ಊಟದ ಡಬ್ಬಿಯ ತಳವನ್ನು ದೀಪಕ್ಕೆ ಹಿಡಿದು ನೋಡಿದಳು, ಬೂಟಿನೊಳಗೆ ಕೈಹಾಕಿದಳು. ಗಂಡ ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ, ಮಗ್ಗುಲು ಬದಲಾಯಿಸುತ್ತಿದ್ದ. ಅಪರಾಧಿಗೆ ನಿದ್ದೆ ಎಲ್ಲಿಂದ ಬರಬೇಕು ಎಂದುಕೊಂಡಳು. ಊಟವನ್ನೂ ಅರ್ಧಕ್ಕೇ ಬಿಡುತ್ತಿದ್ದ. ಹೊರಗೆ ಹೊಟ್ಟೆ ತುಂಬಿಸಿಕೊಂಡು ಬಂದವನಿಗೆ ಮನೆಯೂಟ ಯಾಕೆ ಸೇರಬೇಕು ಎಂದುಕೊಂಡಳು. ಸಂಶಯದ ಒಂದು ಅನುಕೂಲವೆಂದರೆ ಅದಕ್ಕೆ ಏನು ಹಾಕಿದರೂ ಜೀರ್ಣವಾಗುತ್ತದೆ.

ಸರಬರಾಜು ಎಲ್ಲಿಂದ ಎಂಬುದೊಂದು ಉಳಿದಿತ್ತು. ಡಾಕ್ಟರಮ್ಮ ಮಹಡಿ ಹತ್ತಿದಳು.

ಮಹಡಿಯ ಅಕ್ಕ ಕಿಟಕಿಯ ಪಕ್ಕ ಕೂತು ಬೀದಿಯನ್ನು ಕಾಯುತ್ತಿದ್ದಳು. ಸಂಬಳವಿಲ್ಲದ ಈ ಕೆಲಸವನ್ನು ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಬಿಸ್ಕತ್ತಿನ ಡಬ್ಬಿ ಅವಳ ಮಗ್ಗುಲಲ್ಲೇ ಇತ್ತು. ಡಾಕ್ಟರಮ್ಮ ಮಾತಾಡಿಸುತ್ತಲೇ ಡಬ್ಬಿ ಎತ್ತಿ ಸುಮ್ಮನೆ ಅಲ್ಲಾಡಿಸಿದಳು. ಹಗುರ.

‘ಡಬ್ಬಿ ಬೇಗ ಖಾಲಿಯಾಗ್ತಿದೆ ಅಲ್ವಾ ಅಕ್ಕಾ?’

‘ಡಬ್ಬಿ ಇರೋದೇ ಖಾಲಿಯಾಗೋಕೆ.’

‘ಒಬ್ರೇ ಇಷ್ಟೊಂದು ತಿಂತೀರಾ?’

ಅಕ್ಕ ಕಿಟಕಿಯಿಂದ ಮುಖ ತಿರುಗಿಸಿದಳು. ‘ನನಗೆ ಮೇಲೆ ಮೂರು ಹಲ್ಲು, ಕೆಳಗೆ ಅದೂ ಇಲ್ಲ. ಟೀಯಲ್ಲಿ ಅದ್ದಿ ಅದ್ದಿ ತಿಂತೀನಿ. ಅದಕ್ಕೂ ನಿನ್ನ ಅಪ್ಪಣೆ ಬೇಕೇನಮ್ಮಾ?’

‘ಅದಲ್ಲ ಅಕ್ಕಾ. ನಿಮ್ಮ ತಮ್ಮ ಏನಾದ್ರೂ ಮೇಲೆ ಬಂದಾಗ...’

‘ಓ, ಹಾಗೆ ಹೇಳು!’ ಅಕ್ಕ ಡಬ್ಬಿಯನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು. ‘ನನ್ನ ತಮ್ಮ ಇತ್ತೀಚೆಗೆ ಮೇಲೆ ಬಂದು ಕೂತ್ರೆ ಒಂದು ಲೋಟ ನೀರು ಕುಡಿಯೋಕೂ ಹೆದರ್ತಾನೆ. “ಅಕ್ಕಾ, ಬಾಯಿ ಒದ್ದೆ ಕಂಡ್ರೆ ಅವಳು ಕೇಳ್ತಾಳೆ” ಅಂತಾನೆ. ಚಿಕ್ಕವನಿದ್ದಾಗ ನಮ್ಮಪ್ಪನಿಗೂ ಇಷ್ಟು ಹೆದರಿರಲಿಲ್ಲ.’

ಅಕ್ಕ ತಮ್ಮನನ್ನು ಬಿಟ್ಟುಕೊಡುವವಳಲ್ಲ ಎಂಬುದು ಡಾಕ್ಟರಮ್ಮನಿಗೆ ಗೊತ್ತಿದ್ದ ವಿಷಯವೇ. ಮೆಟ್ಟಿಲಿಳಿಯುವಾಗ ಸಂಶಯ ಒಂದು ಮಹಡಿ ಮೇಲೇರಿತ್ತು: ಈಗ ಆರೋಪಿಗಳು ಇಬ್ಬರು. ತಪಾಸಣೆಗೆ ಉಳಿದಿದ್ದು ಒಂದು ವಾರ.

ಮರುದಿನ ತಣ್ಣೀರಿನ ಕೋಣೆಯ ಪಾಳಿ. ಅವಳ ಕೆಲಸದ ಜಾಗ ಹೊರಗಿನಿಂದ ನೋಡಿದರೆ ಗೋದಾಮು. ಒಳಗೆ ಸಾಲು ಸಾಲು ದುಂಡು ತೊಟ್ಟಿಗಳು, ಮೇಲೆ ಕೊಳವೆಗಳು, ಯಾವಾಗಲೂ ಒದ್ದೆಯಾಗಿರುವ ನೆಲ, ಗಾಳಿ ಊದುವ ಪಂಪಿನ ನಿಲ್ಲದ ಗುಳುಗುಳು. ಒಂದು ಕೋಣೆಯ ಗೆಂಡೆಮೀನುಗಳು ಹಾಯಾದ ನೀರಿನಲ್ಲಿದ್ದವು. ಇನ್ನೊಂದು ಕೋಣೆಯವುಗಳ ನೀರನ್ನು ಇದ್ದಕ್ಕಿದ್ದಂತೆ ತಣ್ಣಗೆ ಮಾಡಿ ಅವುಗಳ ಪಾಡು ನೋಡುತ್ತಿದ್ದರು. ಆ ಕೋಣೆಗೆ ಹೋಗುವ ದಿನ ಮನೆಯಿಂದಲೇ ಬೆಚ್ಚಗೆ ಸುತ್ತಿಕೊಂಡು ಬರಬೇಕು. ಡಾಕ್ಟರಮ್ಮ ಕೊರಳವರೆಗೆ ಜಿಪ್ ಎಳೆದುಕೊಂಡು, ಜೇಬಿನಿಂದ ಆಹಾರ ತೆಗೆದು ತೊಟ್ಟಿಯಿಂದ ತೊಟ್ಟಿಗೆ ಎರಚುತ್ತ ಹೋದಳು. ಬೆಚ್ಚನೆಯ ನೀರಿನವು ನುಗ್ಗಿ ಬಂದು ತಿಂದವು. ತಣ್ಣೀರಿನವು ತಿರುಗಿಯೂ ನೋಡಲಿಲ್ಲ; ಮೈಬಣ್ಣ ಕಂದಿ, ತಳದ ಮೂಲೆಯಲ್ಲಿ ಒತ್ತಿಕೊಂಡು, ಕಿವಿರಿನ ಮುಚ್ಚಳವನ್ನು ಪಟಪಟ ಬಡಿಯುತ್ತಿದ್ದವು.

ಅವಳ ಸಹಾಯಕನಿಗೆ ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ನಡುವಯಸ್ಸಿನ ಮನುಷ್ಯ, ಪದವಿಗಳಿದ್ದವು, ಪುರುಸೊತ್ತು ಮಾತ್ರ ಇರಲಿಲ್ಲ. ಆವತ್ತು ಅವನು ಮುಖ ಅರಳಿಸಿಕೊಂಡು ಬಂದ.

‘ಮೇಡಂ, ದೊಡ್ಡ ಸುದ್ದಿ! ಹಾಯಾಗಿರೋ ಮೀನಿಗೂ ಸಕ್ಕರೆ ಏರಿಬಿಟ್ಟಿದೆ! ಯಾರೋ ಆ ತೊಟ್ಟಿಗೂ ತಣ್ಣೀರು ಬಿಟ್ಟಿದ್ದಾರೆ. ನನಗೆ ರಾತ್ರಿ ಪಾಳಿಯವರ ಮೇಲೇ ಅನುಮಾನ.’

‘ಎಲ್ಲಾ ಮೀನಿಗೂ ಏರಿದೆಯಾ?’

‘ಮೊದಲು ಹಿಡಿದಿದ್ದಕ್ಕೆ ಇಲ್ಲ. ಆಮೇಲಿನವಕ್ಕೆಲ್ಲ ಇದೆ. ಕೊನೇದಕ್ಕಂತೂ ಸಿಕ್ಕಾಪಟ್ಟೆ.’

‘ಕೊನೇದನ್ನ ಹಿಡಿಯೋಕೆ ಎಷ್ಟು ಹೊತ್ತು ಬೇಕಾಯ್ತು?’

‘ಅಯ್ಯೋ, ಅದನ್ನ ಯಾಕೆ ಕೇಳ್ತೀರಾ! ಮಹಾ ಕಳ್ಳ ಅದು. ಬಲೆ ಹಾಕಿದ್ರೆ ಆ ಕಡೆ, ಆ ಕಡೆ ಹೋದ್ರೆ ಈ ಕಡೆ. ಇಡೀ ತೊಟ್ಟಿ ಸುತ್ತಿಸ್ತು ನನ್ನನ್ನ.’

ಡಾಕ್ಟರಮ್ಮ ಬಲೆಯ ಹಿಡಿಯಿಂದ ತೊಟ್ಟಿಯ ಅಂಚನ್ನು ತಟ್ಟಿದಳು. ‘ಎಷ್ಟು ಸಲ ಹೇಳ್ಬೇಕ್ರೀ ನಿಮಗೆ? ಬಲೆ ನೀರಿಗೆ ಬಿತ್ತು ಅಂದ್ರೆ ಮೀನಿನ ಮೈಗೆ ಯುದ್ಧ ಶುರುವಾಯ್ತು ಅಂತ ಅರ್ಥ. ಓಡೋಕೆ ಶಕ್ತಿ ಬೇಕು ಅಂತ ಅದರ ಪಿತ್ತಜನಕಾಂಗ ಕೂಡಿಟ್ಟ ಸಕ್ಕರೆಯನ್ನೆಲ್ಲ ರಕ್ತಕ್ಕೆ ಸುರೀತದೆ. ನೀವು ಹಿಡಿದು, ಅಟ್ಟಾಡಿಸಿ, ಹೆದರಿಸಿ, ಆಮೇಲೆ ಸೂಜಿ ಹಾಕಿದ್ರೆ ನಿಮಗೆ ಸಿಗೋದು ನೀರಿನ ಲೆಕ್ಕ ಅಲ್ಲ. ನಿಮ್ಮ ಬಲೆಯ ಲೆಕ್ಕ. ಮೊದಲು ರಕ್ತ, ಆಮೇಲೆ ಬಾಕಿ ಎಲ್ಲ. ಈ ರಕ್ತಾನೆಲ್ಲ ಚೆಲ್ಲಿ.’

‘ಹಾಗಾದ್ರೆ ಯಾರೂ ತಪ್ಪು ಮಾಡಿಲ್ವಾ?’ ಎಂದು ಗಡಿಬಿಡಿ ನಿರಾಸೆಯಿಂದ ಕೇಳಿದ.

‘ನೀವು ಮಾಡಿದ್ದೀರಿ.’

ಇಷ್ಟು ಸ್ಪಷ್ಟವಾಗಿ ಪಾಠ ಹೇಳಿದ ಹೆಂಗಸು ಸಂಜೆ ಮನೆಗೆ ಬಂದು, ಜಾಕೆಟ್ಟನ್ನು ಮೊಳೆಗೆ ಹಾಕಿ, ಬೆಳಗಾಗುತ್ತಲೇ ಗಂಡನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದಳು. ಪಾಠ ಹೇಳುವ ಜಾಗ ಬೇರೆ, ಸಂಸಾರದ ಜಾಗ ಬೇರೆ.

‘ಅಕ್ಕ ಎಲ್ಲಾ ಹೇಳಿದ್ದಾರೆ,’ ಎಂದು ಶುರುಮಾಡಿದಳು. ಇದು ಸುಳ್ಳು, ಬಲೆ ಬೀಸಿ ನೋಡುವ ಒಂದು ಕ್ರಮ.

‘ಏನು ಹೇಳಿದ್ಲು?’

‘ನೀವೇ ಹೇಳಿ.’

‘ನಾನೇನು ಹೇಳ್ಲಿ? ಏನು ಹೇಳಿದ್ಲು ಅಂತ ನೀನು ಹೇಳಿದ್ರೆ ನಾನು ಹೌದೋ ಅಲ್ವೋ ಹೇಳ್ತೀನಿ.’

‘ಹೌದು ಅನ್ನೋಕೆ ಏನೋ ಇದೆ ಅಂತ ಆಯ್ತು!’

ಉಪ್ಪಿನ ಡಬ್ಬಿಯ ಹಿಂದಿನಿಂದ ಅವಳು ಕಾಗದದ ಮಡಿಕೆ ತೆಗೆದು, ಚೂರನ್ನು ಮೇಜಿನ ಮೇಲೆ ಇಟ್ಟಳು. ‘ಇದು ನಿಮ್ಮ ಜೇಬಿನಲ್ಲಿ ಸಿಕ್ಕಿದ್ದು.’

ಗಂಡ ಸ್ಟೂಲಿನಿಂದ ಎದ್ದುಬಿಟ್ಟ. ಹಿಂದೆ ಸರಿದವನು ಫ್ರಿಜ್ಜಿಗೂ ಗೋಡೆಗೂ ನಡುವಿನ ಮೂಲೆಯಲ್ಲಿ ಸಿಕ್ಕಿಕೊಂಡ. ‘ನನಗೆ ಗೊತ್ತಿಲ್ಲ ಕಣೇ. ಆಣೆ ಮಾಡ್ಲಾ? ನನಗೆ ಗೊತ್ತೇ ಇಲ್ಲ.’

ಅವನ ಮುಖದ ಬಣ್ಣ ಇಳಿದಿತ್ತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚಿ, ಅರಳಿ ಮುಚ್ಚಿ, ಪಟಪಟನೆ ಆಡುತ್ತಿದ್ದವು. ಡಾಕ್ಟರಮ್ಮನ ಬಾಯಲ್ಲಿ ಮುಂದಿನ ಪ್ರಶ್ನೆ ಸಿದ್ಧವಾಗಿತ್ತು. ಆದರೆ ಕಣ್ಣು ತನ್ನ ಹಳೆಯ ಚಾಳಿಯನ್ನು ಬಿಡದೆ ಆ ಹೊಳ್ಳೆಗಳನ್ನು ಎಣಿಸತೊಡಗಿತ್ತು. ಬಣ್ಣ ಕಂದಿದೆ. ಮೂಲೆ ಹಿಡಿದಿದೆ. ಉಸಿರು ಏರಿದೆ. ಊಟ ಬಿಟ್ಟಿದೆ. ಅವಳು ಎಣಿಸುತ್ತ ಎಣಿಸುತ್ತ ನಿಂತುಬಿಟ್ಟಳು.

ಯಂತ್ರ ಮೇಜಿನ ಮೇಲಿತ್ತು. ಇನ್ನೂ ಚುಚ್ಚಿರಲಿಲ್ಲ. ಯಾವ ಬೆಳಗ್ಗೆಯೂ ಅವಳು ಮೊದಲು ಚುಚ್ಚಿರಲಿಲ್ಲ.

‘ಏನೇ? ಯಾಕೆ ಹಾಗೆ ನೋಡ್ತಿದ್ದೀಯಾ?’ ಎಂದ ಗಂಡ ಮೂಲೆಯಿಂದ.

‘ಏನಿಲ್ಲ. ಹೋಗಿ, ಬಸ್ಸಿಗೆ ಹೊತ್ತಾಯ್ತು.’

‘ಚುಚ್ಚಲ್ವಾ?’

‘ಇವತ್ತು ಬೇಡ.’

ಗಂಡ ಬೂಟು ಹಾಕಿಕೊಳ್ಳುವಾಗ ಎರಡು ಸಲ ತಿರುಗಿ ನೋಡಿದ.

ಅನುಮಾನವನ್ನು ಪರೀಕ್ಷಿಸದೆ ಬಿಡುವುದು ಅವಳ ಜಾಯಮಾನವಲ್ಲ, ಅದು ತನ್ನ ಮೇಲಿನ ಅನುಮಾನವಾದರೂ ಸರಿ. ಮರುದಿನ ಬೆಳಕು ಹರಿಯುವ ಹೊತ್ತಿಗೆ, ಗಂಡ ಬಾಯಿ ತೆರೆದು ಗೊರಕೆ ಹೊಡೆಯುತ್ತಿರುವಾಗಲೇ, ಹೊದಿಕೆಯಿಂದ ಅವನ ಬೆರಳನ್ನು ಮೆಲ್ಲಗೆ ಹೊರತೆಗೆದು ಚುಚ್ಚಿದಳು. ‘ಅಯ್ಯಯ್ಯೋ!’ ಎಂದು ಅವನು ಎದ್ದು ಕೂರುವಷ್ಟರಲ್ಲಿ ಹನಿ ಯಂತ್ರಕ್ಕೆ ಸೇರಿಯಾಗಿತ್ತು.

‘ಏನಾಯ್ತು? ಏನು ಕಚ್ತು?’

‘ಸೊಳ್ಳೆ. ಮಲಗಿ.’

ಸಕ್ಕರೆ ಇಳಿದಿತ್ತು; ಪೂರ್ತಿ ಅಲ್ಲ, ಆದರೆ ಸ್ಟೂಲಿನ ಮೇಲೆ ಸಿಗುತ್ತಿದ್ದ ಲೆಕ್ಕಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇಷ್ಟು ದಿನ ಅವಳು ಗಂಡನನ್ನು ಅಳೆದಿರಲಿಲ್ಲ. ತನ್ನನ್ನು ತಾನು ಅಳೆದುಕೊಂಡಿದ್ದಳು. ಚೂರಿನ ವಿಷಯ ಮಾತ್ರ ಬಗೆಹರಿದಿರಲಿಲ್ಲ. ಚೂರು ಇದ್ದದ್ದಂತೂ ನಿಜ. ಆದರೂ ಅವಳು ಅದನ್ನು ಡಬ್ಬಿಯ ಹಿಂದಕ್ಕೆ ತಳ್ಳಿ, ಬಾಯಿಗೆ ಬೀಗ ಹಾಕಿಕೊಂಡಳು. ಊಟಕ್ಕೆ ಕೂತರೆ ‘ಇನ್ನೊಂಚೂರು ಹಾಕ್ಲಾ?’ ಎಂದು ಕೇಳತೊಡಗಿದಳು. ಒಂದು ಸಂಜೆ ಗಂಡನ ಹಾಡನ್ನು ಹೊಗಳಿಯೂ ಬಿಟ್ಟಳು.

ಈಗ ಸಂಶಯಪಡುವ ಸರದಿ ಗಂಡನದಾಯಿತು. ಅವನು ಮಹಡಿ ಹತ್ತಿ ಅಕ್ಕನ ಮುಂದೆ ಕೂತ. ‘ಅಕ್ಕಾ, ಅವಳು ಬೈತಿಲ್ಲ.’

‘ಬೈದೇ ಇದ್ರೆ ಒಳ್ಳೇದಲ್ವೇನೋ?’

‘ನಗ್ತಾಳೆ ಅಕ್ಕಾ. ಸಂಸ್ಥೆಯ ವೈದ್ಯರು ಅವಳಿಗೆ ಏನೋ ಹೇಳಿರ್ಬೇಕು. ನನಗೆ ಏನೋ ದೊಡ್ಡ ಕಾಯಿಲೆ ಇದೆ.’

ಅಕ್ಕ ಇದನ್ನೆಲ್ಲ ಕೇಳಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ನಿಧಾನವಾಗಿ ತಿಂದು, ಅದನ್ನೆಲ್ಲ ಹಾಗೆ ಹಾಗೆಯೇ ಡಾಕ್ಟರಮ್ಮನಿಗೆ ತಲುಪಿಸಿದಳು. ಡಾಕ್ಟರಮ್ಮನಿಗೆ ತಲೆ ಗಿರ್ರೆಂದಿತು. ಬೈದರೆ ಸಕ್ಕರೆ ಏರುತ್ತದೆ, ಬೈಯದಿದ್ದರೂ ಏರುತ್ತದೆ! ಮೀನಿನ ಜೊತೆ ಈ ತಾಪತ್ರಯ ಇರಲಿಲ್ಲ. ನೀರು ಸರಿಮಾಡಿದರೆ ಮೀನು ಸುಮ್ಮನೆ ಸರಿಹೋಗುತ್ತಿತ್ತು, ಯಾಕೆ ಸರಿಮಾಡಿದೆ ಎಂದು ಕೇಳುತ್ತಿರಲಿಲ್ಲ.

ತಪಾಸಣೆಯ ದಿನ ಚಳಿ ಇತ್ತು. ಗಂಡ ಒತ್ತಾಯ ಮಾಡಿದ್ದರಿಂದ ನೀಲಿ ಜಾಕೆಟ್ಟನ್ನು ಅವಳೇ ಹಾಕಿಕೊಂಡಿದ್ದಳು. ಸಂಸ್ಥೆಯ ದವಾಖಾನೆಯ ಓಣಿಯಲ್ಲಿ ಉದ್ದನೆಯ ಬೆಂಚು, ತೂಕದ ಯಂತ್ರ, ಕೊನೆಯಲ್ಲಿ ವೈದ್ಯರ ಬಾಗಿಲು. ಹೊಸ ಮೀನನ್ನು ತೊಟ್ಟಿಗೆ ಬಿಡುವಾಗ ಅವಳು ಎಂದೂ ಒಮ್ಮೆಲೇ ಸುರಿದವಳಲ್ಲ. ಚೀಲದ ಸಮೇತ ತೇಲಬಿಟ್ಟು, ನೀರಿಗೆ ನೀರು ಹೊಂದಿಕೊಂಡ ಮೇಲೆಯೇ ಬಾಯಿ ಬಿಚ್ಚುವುದು. ಅದಕ್ಕೇ ಗಂಡನನ್ನು ಹೊತ್ತಿಗೆ ಮುಂಚೆಯೇ ಕರೆತಂದು ಬೆಂಚಿನ ಮೇಲೆ ಕೂರಿಸಿದ್ದಳು. ಅದು ಕೆಲಸ ಮಾಡಿದ ಹಾಗೆ ಕಾಣಲಿಲ್ಲ. ಅವನು ಬಾಗಿಲನ್ನೇ ನೋಡುತ್ತಿದ್ದ. ಮೂಗಿನ ಹೊಳ್ಳೆಗಳು ಶುರುವಾಗಿದ್ದವು.

ಅವಳು ನರ್ಸಮ್ಮನ ಹತ್ತಿರ ಹೋಗಿ ಪಿಸುಗುಟ್ಟಿದಳು. ‘ಒಂದು ಉಪಕಾರ ಮಾಡಿ. ಅವರನ್ನ ಏನೂ ಕೇಳ್ಬೇಡಿ. ಮೊದಲು ಚುಚ್ಚಿಬಿಡಿ, ಆಮೇಲೆ ಕೇಳಿ.’

ನರ್ಸಮ್ಮ ಅವಳನ್ನು ಮೇಲಿಂದ ಕೆಳಕ್ಕೆ ನೋಡಿದಳು. ‘ಮೊದಲು ಚುಚ್ಚಿ ಆಮೇಲೆ ಕೇಳೋಕೆ ಇದೇನು ಪೊಲೀಸ್ ಠಾಣೆಯೇನ್ರೀ? ಹೋಗಿ ಕೂತ್ಕೊಳ್ಳಿ.’

ಅವಳು ಬಂದು ಕೂತಳು. ‘ಏನು ಗುಟ್ಟು ಮಾತಾಡಿದೆ?’ ಎಂದ ಗಂಡ. ‘ಏನಿಲ್ಲ’ ಎಂದಳು. ‘ಏನಿಲ್ಲ ಅಂದ್ರೆ ಏನೋ ಇದೆ,’ ಎಂದು ಅವನು ಬೆವರು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದ. ಕರವಸ್ತ್ರ ಜಾಕೆಟ್ಟಿನಲ್ಲಿತ್ತು. ಅವಳ ಬಲಗಡೆಯ ಜೇಬಿಗೆ ಕೈಹಾಕಿದ. ಕೈ ಹೊರಬಂದಾಗ ಅದರಲ್ಲಿ ಕರವಸ್ತ್ರದ ಜೊತೆ ಅರ್ಧ ಹಿಡಿಯಷ್ಟು ಚೂರುಗಳಿದ್ದವು. ಕಂದು ಬಣ್ಣದವು. ಸಾಸಿವೆಗಿಂತ ದೊಡ್ಡವು, ಕಡಲೆಕಾಳಿಗಿಂತ ಚಿಕ್ಕವು.

ಗಂಡ ಚೂರುಗಳನ್ನು ನೋಡಿದ. ಹೆಂಡತಿಯನ್ನು ನೋಡಿದ.

‘ಇದೇನು?’ ಎಂದ. ಬೆಳಬೆಳಗ್ಗೆ ಅಡುಗೆಮನೆಯಲ್ಲಿ ಕೇಳಿಸುತ್ತಿದ್ದ ದನಿಯೇ ಅದು. ಕೊರಳು ಮಾತ್ರ ಬೇರೆ.

ಡಾಕ್ಟರಮ್ಮನ ಮುಖದ ಬಣ್ಣ ಇಳಿಯಿತು.

ಅವನು ಮೂಸಿ ನೋಡಿದ. ‘ಮೀನಿನ ವಾಸನೆ.’ ಇಷ್ಟು ವರ್ಷ ಮೀನಿನ ನಡುವೆ ಬದುಕಿದವಳ ಮೂಗಿಗೆ ಮೀನಿನ ವಾಸನೆ ವಾಸನೆಯೇ ಅಲ್ಲವೆಂಬುದು ಅವಳಿಗೆ ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಅವನು ಒಂದನ್ನು ನಾಲಗೆಯ ಮೇಲಿಟ್ಟುಕೊಂಡಿದ್ದ.

‘ಥೂ! ಥೂ! ಇದು ಬಿಸ್ಕತ್ತಾ? ಇದಕ್ಕಾ ನನ್ನ ನಾಲಗೆ ಎತ್ತಿಸಿ ನೋಡಿದ್ದು?’

‘ಹಿಟ್ಟಿನದ್ದೇ ಅದು,’ ಎಂದಳು ಡಾಕ್ಟರಮ್ಮ ಸಣ್ಣ ದನಿಯಲ್ಲಿ. ‘ಹಿಟ್ಟು, ಸೋಯಾ... ಒಣಮೀನಿನ ಪುಡಿ. ಮೀನಿನ ಆಹಾರ. ತಣ್ಣೀರಿನ ಕೋಣೆಗೆ ಹೋಗೋ ದಿನ ಇದೇ ಜಾಕೆಟ್ಟು ಹಾಕ್ಕೊಂಡು ಹೋಗ್ತಿದ್ದೆ.’

‘ಕೈ ತೋರಿಸು. ಬಿಚ್ಚು ಬೆರಳು. ಉಗುರಿನ ಸಂದಿ ತೋರಿಸು!’

‘ರೀ, ಜನ ನೋಡ್ತಿದ್ದಾರೆ.’

‘ಬಾಯಿ ತೆರಿ! ಯಾವಾಗಿಂದ ನಡೀತಿದೆ ಇದು? ಎಷ್ಟು ತೊಟ್ಟಿ? ಬೇಕರಿ ಮುಂದೆ ನಿಂತಿದ್ದು ಯಾರು?’

ಮೊದಲು ನಕ್ಕವಳು ಅವಳು. ತಡೆದುಕೊಳ್ಳಲು ನೋಡಿ, ಆಗದೆ, ಜಾಕೆಟ್ಟಿನ ತೋಳನ್ನು ಬಾಯಿಗೆ ಒತ್ತಿಕೊಂಡಳು. ಗಂಡ ಇನ್ನೊಂದು ಚೂರನ್ನು ಅವಳ ಮೂಗಿನ ಮುಂದೆ ಹಿಡಿದು ‘ಇದು ನಿಮ್ಮ ಜೇಬಿನಲ್ಲಿ ಸಿಕ್ಕಿದ್ದು,’ ಎಂದ. ಅಷ್ಟು ಹೇಳುವಷ್ಟರಲ್ಲಿ ಅವನಿಗೂ ನಗು ಒತ್ತರಿಸಿ ಬಂದು ಬೆಂಚು ಅಲುಗಾಡಿತು. ‘ಗಾಜಿನ ಹಿಂದೆ ಕೂರಿಸೋ ಮೊದಲೇ ತಿನ್ನಿಸಿಬಿಟ್ಟೆಯಲ್ಲೇ!’ ಎಂದು ಕಣ್ಣೀರು ಒರೆಸಿಕೊಂಡ. ತುಂಬಾ ದಿನಗಳ ಉಸಿರೆಲ್ಲ ಒಮ್ಮೆಲೇ ಹೊರಗೆ ಹೋದಂತೆ ಅವನ ಭುಜ ಕೆಳಗಿಳಿಯಿತು, ಮುಖಕ್ಕೆ ಕೆಂಪು ಮರಳಿತು. ಇಬ್ಬರೂ ಗೋಡೆಗೊರಗಿ, ನಗು ತೀರಿ, ಮತ್ತೆ ಒಬ್ಬರನ್ನೊಬ್ಬರು ನೋಡಿ ಮತ್ತೆ ನಕ್ಕು, ಸುಮಾರು ಹೊತ್ತು ಹಾಗೆಯೇ ಕೂತಿದ್ದರು.

ನರ್ಸಮ್ಮ ಬಂದು, ದವಾಖಾನೆಯಲ್ಲಿ ಇದೇನು ಗಲಾಟೆ ಎಂದು ಗದರಿ, ನಗುತ್ತಿದ್ದವನ ಕೈ ಹಿಡಿದು ಎಳೆದು ಬೆರಳು ಚುಚ್ಚಿದಳು.

ಸಕ್ಕರೆ ಮಿತಿಯೊಳಗಿತ್ತು. ವೈದ್ಯರು ಸಹಿ ಹಾಕಿದರು. ಮರುದಿನ ಬೆಳಗಿನ ಮೊದಲ ಬಸ್ಸನ್ನು ಅವನೇ ಓಡಿಸಿದ. ಬಿಸ್ಕತ್ತಿನ ಡಬ್ಬಿ ಮಹಡಿಯಲ್ಲೇ ಉಳಿಯಿತು.